ಗುಣಕದ ಜಂಪರ್: ಒಂದು ಮರುಮೌಲ್ಯಮಾಪನ

1990ರ ದಶಕದ ಸಾಕೆಟ್ 7 ಮದರ್‌ಬೋರ್ಡುಗಳಲ್ಲಿ ಇಂಟೆಲ್ ಪೆಂಟಿಯಮ್, ಎಎಂಡಿ ಕೆ6, ಸೈರಿಕ್ಸ್ 6ಎಕ್ಸ್86 ಮೂರೂ ಒಂದೇ ಸಾಕೆಟ್‌ನಲ್ಲಿ ಕೂರುತ್ತಿದ್ದವು. ಕೂತ ಚಿಪ್ ಎಷ್ಟು ವೇಗದಲ್ಲಿ ಓಡಬೇಕೆಂಬುದನ್ನು ಬಹುಪಾಲು ಬೋರ್ಡುಗಳಲ್ಲಿ ಜಂಪರ್ ಹಾಕಿಯೇ ಹೇಳಬೇಕಿತ್ತು. ಇದನ್ನು ಹಳೆಯ ಕಾಲದ ತಾಪತ್ರಯವೆಂದು ತಳ್ಳಿಹಾಕುವುದು ರೂಢಿ. ಈ ತೀರ್ಪು ಸರಿಯಲ್ಲ. ಯಂತ್ರದ ಕೀಲಿಕೈಯನ್ನು ಕೊಂಡವರ ಕೈಗೇ ಕೊಟ್ಟ ಪದ್ಧತಿ ಇದು. ಇದರ ನಿಜವಾದ ದೋಷ ಇದ್ದದ್ದು ಬೇರೆ ಕಡೆ.

ಲೆಕ್ಕ ಸರಳ. ಬೋರ್ಡಿನ ಬಸ್ 66 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಪ್ರೊಸೆಸರ್ ಅದನ್ನು ಒಂದು ಗುಣಕದಿಂದ ಹೆಚ್ಚಿಸಿಕೊಳ್ಳುತ್ತದೆ. ಎರಡೂವರೆ ಪಟ್ಟು ಅಂದರೆ 166, ಮೂರು ಪಟ್ಟು ಅಂದರೆ 200. ಈ ಗುಣಕ ತಿಳಿಸಲು ಪೆಂಟಿಯಮ್‌ನಲ್ಲಿ ಬಿಎಫ್0, ಬಿಎಫ್1 ಎಂಬ ಎರಡು ಪಿನ್‌ಗಳಿವೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಜಂಪರ್ ಕ್ಯಾಪನ್ನು ಚಿಮುಟದಿಂದ ಎತ್ತಿ ಪಕ್ಕದ ಜೋಡಿಗೆ ತೊಡಿಸಿದರೆ ಆ ಪಿನ್‌ನ ಮಟ್ಟ ಬದಲಾಗುತ್ತದೆ. ರೀಸೆಟ್ ಆಗುವಾಗ ಪ್ರೊಸೆಸರ್ ಅದನ್ನು ಓದಿಕೊಳ್ಳುತ್ತದೆ. ಅನೇಕ ಬೋರ್ಡುಗಳಲ್ಲಿ ಇದರ ಕೋಷ್ಟಕವನ್ನು ಬೋರ್ಡಿನ ಮೇಲೇ ಬಿಳಿ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಿದ್ದರು. ಕೈಪಿಡಿ ಕಳೆದುಹೋದರೂ ಬೋರ್ಡೇ ದಾರಿ ತೋರಿಸುತ್ತಿತ್ತು.

ಈ ವಿನ್ಯಾಸದ ದೊಡ್ಡ ಗುಣ ಕಾಣುವುದು ಕೋಷ್ಟಕ ಹಳತಾದ ಮೇಲೆ. ಬೋರ್ಡ್ ಕಳಿಸುವುದು ಬರೀ ಸಂಕೇತ. ಅದರ ಅರ್ಥ ನಿರ್ಧರಿಸುವುದು ಪ್ರೊಸೆಸರ್. 233 ಮೆಗಾಹರ್ಟ್ಸ್‌ನ ಪೆಂಟಿಯಮ್ ಎಂಎಂಎಕ್ಸ್‌ಗೆ ಮೂರೂವರೆ ಪಟ್ಟಿನ ಗುಣಕ ಬೇಕಿತ್ತು, ಹಳೆಯ ಬೋರ್ಡಿನಲ್ಲಿ ಅಂಥ ಜಾಗವೇ ಇಲ್ಲ. ಇಂಟೆಲ್ ಒಂದೂವರೆ ಪಟ್ಟಿನ ಸಂಕೇತಕ್ಕೇ ಆ ಹೊಸ ಅರ್ಥ ಕೊಟ್ಟಿತು. ಎಎಂಡಿ ತನ್ನ ಕೆ6-2 ಸರಣಿಯ 400 ಮೆಗಾಹರ್ಟ್ಸ್ ಚಿಪ್‌ನಲ್ಲಿ ಎರಡು ಪಟ್ಟಿನ ಸಂಕೇತವನ್ನು ಆರು ಪಟ್ಟು ಎಂದು ಓದಿಸಿತು. ಹೀಗೆ 66ರ ಬಸ್ ಮಾತ್ರ ಗೊತ್ತಿದ್ದ ಬೋರ್ಡಿನಲ್ಲಿ, ತಕ್ಕ ವೋಲ್ಟೇಜ್ ಸಿಕ್ಕಿದರೆ, 400ರ ಪ್ರೊಸೆಸರ್ ಓಡಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಸೆಂಬಲ್ಡ್ ಕಂಪ್ಯೂಟರ್ ಕೊಂಡವರಿಗೆ ಬೋರ್ಡ್ ಉಳಿಸಿಕೊಂಡು ಚಿಪ್ ಮಾತ್ರ ಬದಲಿಸುವುದೆಂದರೆ ದೊಡ್ಡ ಉಳಿತಾಯ.

ಆ ವೋಲ್ಟೇಜ್ ವಿಷಯದಲ್ಲೇ ಪದ್ಧತಿ ಎಡವಿತು. ಮೊದಲ ಪೆಂಟಿಯಮ್‌ಗಳಿಗೆ ಸುಮಾರು 3.3 ವೋಲ್ಟ್, ಎಂಎಂಎಕ್ಸ್‌ನ ಒಳತಿರುಳಿಗೆ 2.8, ಕೆ6-2ಕ್ಕೆ 2.2. ಇವನ್ನು ಆರಿಸುವ ಜಂಪರ್‌ಗಳೂ ಗುಣಕದ ಜಂಪರ್‌ಗಳೂ ನೋಡಲು ಒಂದೇ ಥರ. ಗುಣಕ ತಪ್ಪಿದರೆ ಸಾಮಾನ್ಯವಾಗಿ ಯಂತ್ರ ಏಳುವುದಿಲ್ಲ, ಸರಿಪಡಿಸಿದರೆ ಮುಗಿಯಿತು. ವೋಲ್ಟೇಜ್ ತಪ್ಪಿದರೆ ಚಿಪ್ಪೇ ಸುಟ್ಟುಹೋಗಬಹುದು. ಇಷ್ಟು ಅಂತರದ ಎರಡು ಅಪಾಯಗಳಿಗೆ ಬಣ್ಣದಲ್ಲೋ ಆಕಾರದಲ್ಲೋ ಒಂದು ಗುರುತು ಇಡದಿದ್ದದ್ದು ತಯಾರಕರ ಅಕ್ಷಮ್ಯ ಉದಾಸೀನ. ಏಬಿಟ್ ಕಂಪನಿಯ ಸಾಫ್ಟ್‌ಮೆನು ಇದೇ ಆಯ್ಕೆಗಳನ್ನು ಬಯಾಸ್ ಪರದೆಗೆ ತಂದಿತು. ಹಕ್ಕು ಕಿತ್ತುಕೊಳ್ಳದೆ ತೊಡಕು ಇಳಿಸಿದ ಆ ಕೆಲಸ ಮೆಚ್ಚುವಂಥದ್ದು.

ಮೆಚ್ಚಲಾಗದ್ದು ಆಮೇಲೆ ಬಂದ ಬೀಗ. ಕಡಿಮೆ ವೇಗದ ಚಿಪ್ ಮೇಲೆ ಹೆಚ್ಚಿನ ವೇಗ ಮುದ್ರಿಸಿ ಮಾರುವ ಮೋಸ ಆಗ ನಿಜವಾಗಿಯೂ ಇತ್ತು; ಅದನ್ನು ತಡೆಯಬೇಕಾದ್ದೂ ನಿಜ. ಆದರೆ ಇಂಟೆಲ್ ಗುಣಕವನ್ನೇ ಚಿಪ್ಪಿನೊಳಗೆ ಬಿಗಿದಾಗ ಮುಚ್ಚಿದ್ದು ಸುರಕ್ಷಿತವಾದ ಬಾಗಿಲನ್ನು. ಗುಣಕ ಬದಲಿಸಿದರೆ ಬಾಧೆ ಪ್ರೊಸೆಸರ್‌ಗೆ ಮಾತ್ರ. ಬಸ್ ಏರಿಸಿದರೆ ಮೆಮೊರಿ, ಕಾರ್ಡುಗಳು, ಡಿಸ್ಕ್ ಎಲ್ಲಕ್ಕೂ ಬಿಸಿ ತಟ್ಟುತ್ತದೆ. ಸಾಕೆಟ್ 7ರಲ್ಲಿ ಬಸ್ ಅನ್ನು 83ಕ್ಕೆ ಏರಿಸಿದರೆ, ಅದರ ಅರ್ಧ ವೇಗದಲ್ಲಿ ಓಡುವ, 33ಕ್ಕೆ ರೂಪಿಸಿದ ಪಿಸಿಐ (ಕಾರ್ಡುಗಳ ಬಸ್) 41 ಮೆಗಾಹರ್ಟ್ಸ್ ದಾಟುತ್ತಿತ್ತು. ಡಿಸ್ಕಿನ ದತ್ತಾಂಶ ಕೆಡುವ ಭಯ ಅಲ್ಲಿತ್ತು. 1998ರ ಸೆಲೆರಾನ್ 300ಎ ನಾಲ್ಕೂವರೆ ಪಟ್ಟಿನ ಬೀಗದಲ್ಲೇ 450ರಲ್ಲಿ ಓಡಿ ಹೆಸರಾದದ್ದು, 440ಬಿಎಕ್ಸ್ ಚಿಪ್‌ಸೆಟ್ 100ರ ಬಸ್ಸಿಗೇ ತಯಾರಾಗಿದ್ದರಿಂದ ಮತ್ತು ಅಲ್ಲಿ ಪಿಸಿಐ ಮೂರನೇ ಒಂದು ಪಾಲಿಗೆ, ಅಂದರೆ ತನ್ನ 33ಕ್ಕೇ, ನಿಲ್ಲುತ್ತಿದ್ದುದರಿಂದ. ಬೀಗ ಜನರನ್ನು ತಡೆಯಲಿಲ್ಲ, ಹೆಚ್ಚು ಅಪಾಯದ ದಾರಿಗೆ ಹಚ್ಚಿತು.

2011ರಲ್ಲಿ ಕೋರ್ ಐ5-2500ಕೆ ಬಂದಾಗ ಬೀಗವಿಲ್ಲದ ಗುಣಕ ಮತ್ತೆ ಸಿಕ್ಕಿತು, ಬೀಗವಿದ್ದ 2500ಕ್ಕಿಂತ ಹೆಚ್ಚಿನ ಬೆಲೆಗೆ. ಹಿಂದೆ ಎರಡು ಜಂಪರ್‌ಗಳಲ್ಲಿ ಎಲ್ಲರಿಗೂ ದಕ್ಕಿದ್ದು ಈಗ ವಿಶೇಷ ಸೌಲಭ್ಯವಾಯಿತು. ಮೋಸ ತಡೆಯಲು ಚಿಪ್ ತನ್ನ ನಿಜವಾದ ದರ್ಜೆಯನ್ನು ತಾನೇ ಹೇಳಿಕೊಂಡರೆ ಸಾಕು. ಆಮೇಲೆ ಅದನ್ನು ಎಷ್ಟರಲ್ಲಿ ಓಡಿಸಬೇಕೆಂಬ ತೀರ್ಮಾನ, ಅದರ ಲಾಭ ನಷ್ಟಗಳ ಸಮೇತ, ದುಡ್ಡು ಕೊಟ್ಟು ಕೊಂಡವರಿಗೆ ಸೇರಬೇಕು.