ತಕ್ಕಡಿಯೂ ಮಾತೂ: ದಿನಬಳಕೆಯ ಬದುಕಿನಲ್ಲಿ ಬೈಬಲಿನ ಜ್ಞಾನೋಕ್ತಿಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿಗೆ ಸೇರಿದ ತ್ಯಾಮಗೊಂಡ್ಲು ಹಳೆಯ ಮೈಸೂರು ಸಂಸ್ಥಾನದ ಕಾಲದಿಂದಲೂ ಧಾನ್ಯದ ವ್ಯಾಪಾರಕ್ಕೆ ಹೆಸರಾದ ಪೇಟೆ. ರಾಗಿಯ ಸೀಮೆಯ ಇಂಥ ಪೇಟೆಗಳಲ್ಲಿ ಮೆಟ್ರಿಕ್ ಪದ್ಧತಿ ಬರುವ ಮುನ್ನ ಪಾವು, ಸೇರು, ಕೊಳಗ, ಖಂಡುಗಗಳೇ ಲೆಕ್ಕದ ಭಾಷೆಯಾಗಿದ್ದವು. ಧಾನ್ಯ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ಕನ್ನಡ ನಾಡಿನ ರೂಢಿ. ಅಳೆಯುವ ಕೈ ಕೊಳಗದ ಬಾಯಿಯನ್ನು ಸಮ ಮಾಡಿತೋ, ಮೇಲೆ ರಾಶಿ ಏರಲು ಬಿಟ್ಟಿತೋ ಎಂಬುದರ ಮೇಲೆ ಲಾಭ ಯಾರದೆಂಬುದು ತೀರ್ಮಾನವಾಗುತ್ತಿತ್ತು. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆಯ ತರುವಾಯ ಕೊಳಗ ಮೂಲೆ ಸೇರಿತು, ಕಿಲೋಗ್ರಾಂ ಬಂದಿತು. ಇಂದು ತಕ್ಕಡಿಯ ಜಾಗದಲ್ಲಿ ಎಲೆಕ್ಟ್ರಾನಿಕ್ ಯಂತ್ರವಿದೆ. ಆದರೆ ಅಳೆಯುವವನ ಮೇಲಿನ ಸಂಶಯ ಮಾತ್ರ ಹಾಗೆಯೇ ಉಳಿದಿದೆ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ‘ಜ್ಞಾನೋಕ್ತಿಗಳು’ ಎಂಬ ಗ್ರಂಥ ಈ ಸಂಶಯವನ್ನು ಚೆನ್ನಾಗಿ ಬಲ್ಲದು. 31 ಅಧ್ಯಾಯಗಳ ಈ ಸಂಕಲನದಲ್ಲಿ ಮೋಸದ ತಕ್ಕಡಿಯ ವಿಚಾರ ಮತ್ತೆ ಮತ್ತೆ ಬರುತ್ತದೆ. 11, 16 ಮತ್ತು 20ನೆಯ ಅಧ್ಯಾಯಗಳಲ್ಲಿ ಅದನ್ನು ಕಾಣಬಹುದು. ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ತೂಕ ಇಟ್ಟುಕೊಳ್ಳುವುದನ್ನು ಗ್ರಂಥ ದೇವರಿಗೆ ಹೇಸಿಗೆಯಾದ ಕೆಲಸವೆಂದು ಕರೆಯುತ್ತದೆ. ಮೂಲ ಹೀಬ್ರೂ ಭಾಷೆಯಲ್ಲಿ ತೂಕಕ್ಕೆ ಬಳಸಿದ ಪದದ ಅರ್ಥ ‘ಕಲ್ಲು’; ಕನ್ನಡದಲ್ಲಿಯೂ ತೂಕದ ಕಲ್ಲು ಎಂಬ ಮಾತೇ ರೂಢಿಯಲ್ಲಿದೆ. ಕೊಳ್ಳುವವನನ್ನೂ ಗ್ರಂಥ ಬಿಟ್ಟಿಲ್ಲ. ಅಂಗಡಿಯಲ್ಲಿ ಸರಕು ಕೆಟ್ಟದ್ದೆಂದು ಹೀಗಳೆದು, ಅಗ್ಗಕ್ಕೆ ಪಡೆದು, ಹೊರಗೆ ಬಂದ ಮೇಲೆ ತನ್ನ ಜಾಣತನವನ್ನು ಹೊಗಳಿಕೊಳ್ಳುವ ಗಿರಾಕಿಯ ಚಿತ್ರ 20ನೆಯ ಅಧ್ಯಾಯದಲ್ಲಿದೆ. ಯಾವ ಸಂತೆಯಲ್ಲಿಯೂ ಗುರುತು ಹಿಡಿಯಬಹುದಾದ ಮನುಷ್ಯ ಇವನು.

ಈ ವಿವೇಕ ಒಂದೇ ಜನಾಂಗದ ಸೊತ್ತಲ್ಲ ಎಂಬುದು ಗಮನಾರ್ಹ. ಪ್ರಾಚೀನ ಈಜಿಪ್ಟಿನ ‘ಅಮೆನೆಮೋಪೆಯ ಬೋಧನೆ’ 1923ರಲ್ಲಿ ಪ್ರಕಟವಾದಾಗ, ಜ್ಞಾನೋಕ್ತಿಗಳ 22ರಿಂದ 24ನೆಯ ಅಧ್ಯಾಯಗಳವರೆಗಿನ ಒಂದು ಭಾಗಕ್ಕೂ ಅದಕ್ಕೂ ಇರುವ ನಿಕಟ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದರು. ಧಾನ್ಯದ ಅಳತೆಯನ್ನು ತಿದ್ದಬಾರದು, ಎಲ್ಲೆಕಲ್ಲನ್ನು ಸರಿಸಬಾರದು ಎಂಬ ಎಚ್ಚರಿಕೆಗಳು ಆ ಈಜಿಪ್ಟಿನ ಗ್ರಂಥದಲ್ಲಿಯೂ ಇವೆ. ಸೊಲೊಮೋನನ ಹೆಸರಿನಲ್ಲಿ ಪ್ರಸಿದ್ಧವಾದರೂ ಜ್ಞಾನೋಕ್ತಿಗಳು ಒಬ್ಬನ ಕೃತಿಯಲ್ಲ. ಅಗೂರನ ಮಾತುಗಳು, ಅರಸ ಲೆಮೂವೇಲನಿಗೆ ಅವನ ತಾಯಿ ಕಲಿಸಿದ ಮಾತುಗಳು, ಹಿಜ್ಕೀಯನ ಆಸ್ಥಾನದವರು ಬರೆದಿಟ್ಟ ಮಾತುಗಳು ಎಂದು ಗ್ರಂಥವೇ ಬೇರೆ ಬೇರೆ ಮೂಲಗಳನ್ನು ಹೆಸರಿಸುತ್ತದೆ. ಹಲವು ಕಾಲದ, ಹಲವು ಬಾಯಿಗಳ ಅನುಭವ ಇಲ್ಲಿ ಒಟ್ಟುಗೂಡಿದೆ. ಈ ದೃಷ್ಟಿಯಿಂದ ಅದು ಶಾಸ್ತ್ರಕ್ಕಿಂತ ಗಾದೆಗೆ ಹತ್ತಿರವಾದುದು.

ಕನ್ನಡದ ಓದುಗನಿಗೆ ಈ ಸಾಮೀಪ್ಯ ಸುಲಭವಾಗಿ ಕಾಣದಿರಲು ಅನುವಾದವೂ ಒಂದು ಕಾರಣ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹೋದ್ಯೋಗಿ ವಿಲಿಯಂ ರೀವ್ ಮೊದಲಾದವರ ಶ್ರಮದಿಂದ 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತು. ಆ ಬಳಿಕ ಹಲವು ಪರಿಷ್ಕರಣೆಗಳಾದವು. ಹೀಬ್ರೂವಿನ ‘ಮಾಶಾಲ್’ ಎಂಬ ಪದ ಗಾದೆ, ಹೋಲಿಕೆ, ದೃಷ್ಟಾಂತ, ಒಗಟಿನಂಥ ನುಡಿ ಇವೆಲ್ಲವನ್ನೂ ಒಳಗೊಳ್ಳುತ್ತದೆ. ಇಂದು ಬಳಕೆಯಲ್ಲಿರುವ ‘ಜ್ಞಾನೋಕ್ತಿ’ ಎಂಬ ಹೆಸರು ಗ್ರಂಥಕ್ಕೆ ಸುಭಾಷಿತದ ಗಾಂಭೀರ್ಯವನ್ನು ತಂದುಕೊಟ್ಟಿತಾದರೂ ಅದನ್ನು ಕಣದಿಂದಲೂ ಜಗಲಿಯಿಂದಲೂ ಒಂದಿಷ್ಟು ದೂರ ಸರಿಸಿತು. ಹೀಬ್ರೂ ನುಡಿ ಎರಡು ಪಾದಗಳಲ್ಲಿ, ಕೆಲವೇ ಪದಗಳಲ್ಲಿ ಮುಗಿಯುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯ ಬಿಗಿಯೂ ಅಂಥದೇ. ಅನುವಾದದಲ್ಲಿ ಆ ಬಿಗಿ ಸಡಿಲಿ, ನುಡಿಯು ಕ್ರಿಯಾಪದವನ್ನು ಕೊನೆಗೆ ಹೊತ್ತ ಪೂರ್ಣವಾಕ್ಯವಾಯಿತು. ಮಿಷನರಿ ವಿದ್ವಾಂಸರಿಗೆ ಗಾದೆಯ ಶಕ್ತಿ ತಿಳಿಯದೆ ಇರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಪದಗಳ ಅರ್ಥಕ್ಕೆ ಗಾದೆಗಳನ್ನು ಧಾರಾಳವಾಗಿ ಆಧಾರವಾಗಿ ನೀಡಿದೆ. ನಿಘಂಟಿಗೆ ಸಲ್ಲುವ ಭಾಷೆ ಧರ್ಮಗ್ರಂಥಕ್ಕೆ ಸಲ್ಲದೆಂಬ ಸಂಕೋಚ ಅನುವಾದಗಳಲ್ಲಿ ಕಾಣುತ್ತದೆ.

ದಿನಬಳಕೆಯಲ್ಲಿ ಜ್ಞಾನೋಕ್ತಿಯ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಅದು ಸಾರ್ವಕಾಲಿಕ ಸತ್ಯ ಎಂಬುದು. ಈ ಉತ್ತರ ಗ್ರಂಥಕ್ಕೆ ನ್ಯಾಯ ಒದಗಿಸುವುದಿಲ್ಲ. 26ನೆಯ ಅಧ್ಯಾಯದಲ್ಲಿ ಮೂಢನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎಂಬ ಬುದ್ಧಿಮಾತು ಬಂದ ಮರುವಚನದಲ್ಲಿಯೇ ಉತ್ತರ ಕೊಡು ಎಂಬ ಬುದ್ಧಿಮಾತು ಬರುತ್ತದೆ. ಇದು ಸಂಕಲನಕಾರರ ಅಜಾಗರೂಕತೆಯಲ್ಲ. ‘ತಾಳಿದವನು ಬಾಳಿಯಾನು’ ಎಂದ ನಾಲಿಗೆಯೇ ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎನ್ನುತ್ತದೆ. ಎರಡೂ ನಿಜ, ಎರಡಕ್ಕೂ ಹೊತ್ತು ಬೇರೆ. ಮುಂಜಾನೆಯೇ ಎದ್ದು ನೆರೆಯವನನ್ನು ಗಟ್ಟಿಯಾಗಿ ಹರಸಿದರೆ ಅದು ಶಾಪವೆನಿಸೀತು ಎಂದು 27ನೆಯ ಅಧ್ಯಾಯ ನಗುತ್ತದೆ. ನೊಂದವನ ಮುಂದೆ ಹಾಡುವುದು ಚಳಿಯಲ್ಲಿ ಅವನ ಹೊದಿಕೆ ಕಿತ್ತುಕೊಂಡಂತೆ ಎಂದು 25ನೆಯ ಅಧ್ಯಾಯ ಎಚ್ಚರಿಸುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮೂಢನ ಬಾಯಲ್ಲಿಯ ಗಾದೆ ಕುಡುಕನ ಕೈಗೆ ಸಿಕ್ಕ ಮುಳ್ಳಿನಂತೆ ಎಂಬ ಹೋಲಿಕೆ ಗ್ರಂಥದ ಆತ್ಮವಿಮರ್ಶೆಯೇ ಆಗಿದೆ. ತನ್ನನ್ನು ತಪ್ಪು ಬಾಯಿ ಆಡಬಹುದು, ಆಡಿದರೆ ಗಾಯವಾಗುತ್ತದೆ ಎಂಬುದನ್ನು ಈ ಗಾದೆಗಳ ಗ್ರಂಥ ತಾನೇ ಒಪ್ಪಿಕೊಂಡಿದೆ.

ಈ ಗಾಯ ಬಡವನಿಗೆ ಹೆಚ್ಚಾಗಿ ತಗಲುತ್ತದೆ. ಇರುವೆಯನ್ನು ನೋಡಿ ಕಲಿ ಎಂದು ಸೋಮಾರಿಗೆ ಹೇಳುವ 6ನೆಯ ಅಧ್ಯಾಯದ ಮಾತು ಬಹುಪ್ರಸಿದ್ಧ. ‘ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಕನ್ನಡ ಗಾದೆಯೂ ಇದೇ ಜಾತಿಗೆ ಸೇರುತ್ತದೆ. ತಂದೆ ಮಗನಿಗೆ ಹೇಳಿದಾಗ ಇದು ಬುದ್ಧಿಮಾತು. ಕೂಲಿ ಕಡಿಮೆ ಕೊಡುವ ಒಡೆಯ ಆಳಿಗೆ ಹೇಳಿದಾಗ ಇದೇ ಮಾತು ಅನ್ಯಾಯದ ಸಮರ್ಥನೆಯಾಗುತ್ತದೆ. ಬಡತನವೆಲ್ಲ ಸೋಮಾರಿತನದ ಫಲ ಎಂಬ ತೀರ್ಪಿಗೆ ಜ್ಞಾನೋಕ್ತಿಗಳನ್ನು ಸಾಕ್ಷಿಗೆ ಕರೆಯುವವರು 13ನೆಯ ಅಧ್ಯಾಯದ 23ನೆಯ ವಚನವನ್ನು ಮರೆಯುತ್ತಾರೆ. ಬಡವನ ಹೊಲದಲ್ಲಿ ಬೇಕಾದಷ್ಟು ಬೆಳೆಯಿದ್ದರೂ ಅನ್ಯಾಯ ಅದನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಅದರ ತಾತ್ಪರ್ಯ. ದುಡಿದರೂ ಉಣ್ಣಲಾಗದವನ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳುವ ಈ ವಚನವನ್ನು ಇರುವೆಯ ವಚನದ ಪಕ್ಕದಲ್ಲಿಟ್ಟು ಓದಬೇಕು. ಆಗ ತಕ್ಕಡಿಯ ಮಾತು ಪದೇ ಪದೇ ಬರುವುದೇಕೆಂಬುದೂ ಅರ್ಥವಾಗುತ್ತದೆ: ಅನ್ಯಾಯವು ಬಡವನ ಬೆಳೆಯನ್ನು ಕೊಚ್ಚುವ ದಾರಿಗಳಲ್ಲಿ ಅಳತೆಯೂ ಒಂದು.

ಸಾಲ ಮತ್ತೊಂದು ದಾರಿ. ಸಾಲಗಾರ ಸಾಲ ಕೊಟ್ಟವನ ಆಳು ಎಂದು 22ನೆಯ ಅಧ್ಯಾಯ ಹೇಳುವಾಗ ಅದು ಇರುವುದನ್ನು ಇದ್ದಂತೆ ನುಡಿಯುತ್ತದೆ; ಹಾಗಿರಬೇಕೆಂದು ವಿಧಿಸುವುದಿಲ್ಲ. ಇನ್ನೊಬ್ಬರ ಸಾಲಕ್ಕೆ ಜಾಮೀನಾದವನ ಹಾಸಿಗೆಯೂ ಹೋದೀತು ಎಂಬ ಎಚ್ಚರಿಕೆ ಅದೇ ಅಧ್ಯಾಯದಲ್ಲಿದೆ. ‘ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ’ ಎಂದು ಕನ್ನಡಿಗರು ಇದೇ ಅನುಭವವನ್ನು ಹೇಳಿದ್ದಾರೆ. ಆದರೆ ಈ ಮಾತನ್ನು ಅಕ್ಷರಶಃ ಪಾಲಿಸಿದರೆ ಸ್ವಸಹಾಯ ಸಂಘಗಳಿಗೆ ಎಡೆಯೇ ಇರದು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಬೆಳೆಸಿದ ಕಿರುಗುಂಪುಗಳು, 1992ರಲ್ಲಿ ನಬಾರ್ಡ್ ಆರಂಭಿಸಿದ ಬ್ಯಾಂಕ್ ಜೋಡಣೆ, 2000-01ರ ಸ್ತ್ರೀಶಕ್ತಿ ಯೋಜನೆ ಇವೆಲ್ಲವೂ ಬಡ ಹೆಂಗಸರು ಒಬ್ಬರಿಗೊಬ್ಬರು ನಿಲ್ಲುವ ನಂಬಿಕೆಯ ಮೇಲೆ ಕಟ್ಟಿದವು. ಅದೇ ಗುಂಪುಹೊಣೆ ಕಿರುಸಾಲ ಕಂಪನಿಗಳ ವಸೂಲಿಯ ಕೈಗೆ ಸಿಕ್ಕಾಗ ಹಳೆಯ ಎಚ್ಚರಿಕೆಗೆ ಜೀವ ಬರುತ್ತದೆ. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಇಲ್ಲಿ ಜ್ಞಾನೋಕ್ತಿ ತೀರ್ಪು ನೀಡುವುದಿಲ್ಲ. ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ನೆನಪಿಸುತ್ತದೆ.

ಕೆಲವು ಮಾತುಗಳನ್ನು ಪ್ರಶ್ನೆಯಾಗಿಯೂ ಉಳಿಸಿಕೊಳ್ಳಲಾಗದು. ಮಗನಿಗೆ ಬೆತ್ತ ಹಿಡಿಯದವನು ಅವನ ಹಗೆ ಎಂಬ ಅರ್ಥದ ವಚನ 13ನೆಯ ಅಧ್ಯಾಯದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಇಂದಿನ ತಿಳಿವಳಿಕೆಯ ಎದುರು ಬೆತ್ತದ ಬೋಧನೆ ನಿಲ್ಲುವುದಿಲ್ಲ. ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ ಎಂಬ ಗಾದೆಯನ್ನು ಕೈಬಿಡುವ ಧೈರ್ಯವೇ ಇಲ್ಲಿಯೂ ಬೇಕು. ಆಶ್ಚರ್ಯವೆಂದರೆ ಅಂಥ ಗಾದೆಗೆ ಉತ್ತರವೂ ಜ್ಞಾನೋಕ್ತಿಗಳಲ್ಲಿದೆ. ಕೊನೆಯ ಅಧ್ಯಾಯದ ಗೃಹಿಣಿ ಹೊಲವನ್ನು ವಿಚಾರಿಸಿ ಕೊಳ್ಳುತ್ತಾಳೆ, ನೂಲುತ್ತಾಳೆ, ಬಟ್ಟೆ ಮಾರುತ್ತಾಳೆ, ಲಾಭನಷ್ಟ ಬಲ್ಲವಳಾಗಿದ್ದಾಳೆ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ 22 ವಚನಗಳಾಗಿ ಹೆಣೆದ ಈ ಪದ್ಯದ ಕಟ್ಟು ಅನುವಾದದಲ್ಲಿ ಉಳಿಯದಿದ್ದರೂ ಅವಳ ದುಡಿಮೆಯ ಲೆಕ್ಕ ಉಳಿದಿದೆ.

ಗಾದೆಯ ದುರ್ಬಳಕೆಯನ್ನು ಬೈಬಲ್ ಅತ್ಯಂತ ಕಠೋರವಾಗಿ ಪರೀಕ್ಷಿಸಿರುವುದು ಯೋಬನ ಗ್ರಂಥದಲ್ಲಿ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು ಕುಳಿತವನ ಬಳಿಗೆ ಬಂದ ಗೆಳೆಯರು ಒಳ್ಳೆಯವನಿಗೆ ಕೇಡಾಗದು ಎಂಬ ಹಿರಿಯರ ಮಾತನ್ನು ಒಪ್ಪಿಸುತ್ತಾರೆ. ಆದುದರಿಂದ ಯೋಬನೇ ಪಾಪಿ ಎಂದು ಸೂಚಿಸುತ್ತಾರೆ. ಅವರ ನುಡಿಗಳನ್ನು ಯೋಬ ಬೂದಿಯ ಗಾದೆಗಳೆಂದು ತಿರಸ್ಕರಿಸುತ್ತಾನೆ. ಗ್ರಂಥದ ಅಂತ್ಯದಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು ಆ ಗೆಳೆಯರೇ. ಸರಿಯಾದ ಮಾತನ್ನು ತಪ್ಪಾದವನಿಗೆ, ತಪ್ಪಾದ ಹೊತ್ತಿನಲ್ಲಿ ಹೇಳುವುದು ಸುಳ್ಳಿಗೆ ಸಮವೆಂಬ ತಿಳಿವು ಇಲ್ಲಿದೆ. ಸಾವಿನ ಮನೆಯಲ್ಲಿ, ಬೆಳೆ ಒಣಗಿದ ಹೊಲದ ಬದುವಿನಲ್ಲಿ ಸುಲಭದ ಸಮಾಧಾನ ಹೇಳಹೊರಡುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ನಂಬಿಕೆಯನ್ನು ಈ ಹಿನ್ನೆಲೆಯಲ್ಲಿ ಮರುವಿಚಾರ ಮಾಡಬೇಕಾಗುತ್ತದೆ. ಗಾದೆ ಸುಳ್ಳಾಗದಿರಬಹುದು, ಆಡುವವನು ಅದನ್ನು ಸುಳ್ಳು ಮಾಡಬಲ್ಲ. ತ್ಯಾಮಗೊಂಡ್ಲಿನಂಥ ಪೇಟೆಯ ಅಂಗಡಿಯಲ್ಲಿ ತೂಕದ ಕಲ್ಲು ತಾನಾಗಿ ಮೋಸ ಮಾಡುವುದಿಲ್ಲ. ಕೊಳ್ಳುವಾಗ ಒಂದನ್ನು, ಮಾರುವಾಗ ಇನ್ನೊಂದನ್ನು ಎತ್ತುವ ಕೈ ಮೋಸ ಮಾಡುತ್ತದೆ. ಜ್ಞಾನೋಕ್ತಿಯೂ ಹಾಗೆಯೇ: ತನಗೊಂದು, ಬಡವನಿಗೊಂದು ಗಾದೆ ಇಟ್ಟುಕೊಂಡವನು ಎರಡು ಬಗೆಯ ತೂಕ ಇಟ್ಟುಕೊಂಡವನೇ ಸರಿ. ಲೆಮೂವೇಲನ ತಾಯಿ ಮಗನಿಗೆ ಕಲಿಸಿದ್ದು ಬಾಯಿಲ್ಲದವರ ಪರವಾಗಿ ಬಾಯಿ ತೆರೆಯಬೇಕೆಂಬುದನ್ನು. ದಿನನಿತ್ಯದ ಬದುಕಿನಲ್ಲಿ ಯಾವುದೇ ಬುದ್ಧಿಮಾತಿನ ಬೆಲೆ ಕಟ್ಟಲು ಇದಕ್ಕಿಂತ ನೇರವಾದ ಅಳತೆ ಬೇಕಿಲ್ಲ.