ಬೇಲಿಯೊಳಗಿನ ಕೆರೆ, ಬೇಲಿಯಾಚೆಯ ನೀರು

ಮೈಸೂರಿನ ಮೂರು ಕೆರೆಗಳಿಗೆ ಮೂವರು ಯಜಮಾನರು. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ, ಕಾರಂಜಿ ಮೃಗಾಲಯದ್ದು, ಲಿಂಗಾಂಬುಧಿ ಅರಣ್ಯ ಇಲಾಖೆಯದ್ದು. ಮೂರಕ್ಕೂ ಬೇಲಿಯಿದೆ, ಗೇಟಿದೆ, ಕಾವಲಿದೆ. ಸೈಟಿನ ಬೆಲೆ ಏರುತ್ತಲೇ ಇರುವ ಊರಿನಲ್ಲಿ ಇಷ್ಟು ಅಗಲದ ಜಾಗ ಬಡಾವಣೆಯಾಗದೆ ಉಳಿದದ್ದು ಸಣ್ಣ ಸಾಧನೆಯಲ್ಲ. ಆದರೆ ಜಾಗ ಉಳಿದ ಮಾತ್ರಕ್ಕೆ ಕೆರೆ ಉಳಿದಂತಲ್ಲ.

ನೋಡಲು ಚೊಕ್ಕಟವಾಗಿರುವುದು ಕಾರಂಜಿ. ಟಿಕೆಟ್ಟಿನ ವ್ಯವಸ್ಥೆ ಅಲ್ಲಿ ಶಿಸ್ತು ತಂದಿದೆ. ಆದರೆ ದೋಣಿ, ಪಕ್ಷಿಪಂಜರ, ಚಿಟ್ಟೆ ಉದ್ಯಾನಗಳ ನಡುವೆ ನೋಡುಗರ ಸಂತೋಷವೇ ನಿರ್ವಹಣೆಯ ಅಳತೆಗೋಲಾಗಿಬಿಟ್ಟಿದೆ. ಗೂಡು ಕಟ್ಟುವ ಹಕ್ಕಿಗೆ ಬೇಕಾದ ನಿಶ್ಶಬ್ದ ಆ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಕಥೆ ಬೇರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೆ ಅಲ್ಲಿ ಇಂದಿಗೂ ಆಸರೆಯಿದೆ. ಇಲ್ಲದಿರುವುದು ನೀರಿನ ದಾರಿ. ಕಾವೇರಿಯನ್ನು ಊರಿಗೆ ತರಲು ದಿವಾನ್ ಪೂರ್ಣಯ್ಯ ತೋಡಿಸಿದ ನಾಲೆ ಆ ಕೆಲಸಕ್ಕೆ ಒದಗಲಿಲ್ಲ. ಆದರೆ ಮಳೆನೀರನ್ನು ಕೆರೆಗೆ ಮುಟ್ಟಿಸುತ್ತಿತ್ತು. ಅದರ ಮೇಲೆ ಈಗ ಮನೆ, ರಸ್ತೆಗಳು ಕೂತಿವೆ. ಮಳೆನೀರಿನ ದಾರಿ ಕಟ್ಟಿತು, ಒಳಚರಂಡಿಯದು ತೆರೆಯಿತು. ಸುತ್ತಲೂ ಬಡಾವಣೆ ಬೆಳೆದ ಲಿಂಗಾಂಬುಧಿಯ ಸಂಕಟವೂ ಇದೇ. ಅರಣ್ಯ ಇಲಾಖೆಯ ಕಾವಲುಗಾರ ಮರ ಕಡಿಯುವವನನ್ನು ತಡೆಯಬಲ್ಲ, ಪೈಪಿನಲ್ಲಿ ಬರುವ ಕೊಳಚೆಯನ್ನು ತಡೆಯಲಾರ.

ಈ ಮಿತಿ ಮೈಸೂರಿಗಷ್ಟೇ ಸೇರಿದ್ದಲ್ಲ. ಆಸ್ಟ್ರೇಲಿಯ ತನ್ನ ಗ್ರೇಟ್ ಬ್ಯಾರಿಯರ್ ರೀಫನ್ನು 1975ರಿಂದ ಕಾನೂನಿನಡಿ ಕಾಯುತ್ತಿದೆ. 2004ರಲ್ಲಿ ಅದರ ಮೂರನೆಯ ಒಂದು ಭಾಗದಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಿತು. ಆದರೂ ಕರಾವಳಿಯ ಹೊಲಗಳ ಗೊಬ್ಬರ, ಮಣ್ಣು ನದಿಗಳಲ್ಲಿ ಹರಿದು ಹವಳದ ದಿಬ್ಬಗಳನ್ನು ಮುಟ್ಟುವುದು ನಿಂತಿಲ್ಲ. ಅಲ್ಲಿನವರು ಕಡೆಗೆ ಕಬ್ಬಿನ ಗದ್ದೆಗಳ ಲೆಕ್ಕ ಕೇಳಬೇಕಾಯಿತು.

ಮೈಸೂರು ಕೇಳಬೇಕಾದ ಲೆಕ್ಕವೂ ಅಂಥದ್ದೇ. ಏರಿಯ ಮೇಲಿನ ವಾಕಿಂಗ್ ದಾರಿ, ಬೆಂಚು, ದೀಪಗಳಿಗೆ ದುಡ್ಡು ಸಿಗುತ್ತದೆ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ, ಉದ್ಘಾಟನೆಗೂ ಒದಗುತ್ತವೆ. ಕಾಲುವೆಯ ಸರ್ವೆಗೆ ಆ ಭಾಗ್ಯವಿಲ್ಲ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವವರು ಒಬ್ಬರು, ಒಳಚರಂಡಿ ಹಾಕುವವರು ಇನ್ನೊಬ್ಬರು, ಕೆರೆ ಕಾಯುವವರು ಮತ್ತೊಬ್ಬರು ಆಗಿರುವತನಕ ಹೊಣೆ ಯಾರ ಕೊರಳಿಗೂ ಬೀಳುವುದಿಲ್ಲ. ಜಲಾನಯನದಲ್ಲಿ ಒಂದು ಸೈಟು ಮಂಜೂರಾಗುವ ಮೊದಲು ಕೆರೆಯ ಯಜಮಾನನ ರುಜು ಕಡ್ಡಾಯವಾಗಲಿ. ಆ ಅಧಿಕಾರವಿಲ್ಲದ ಸಂರಕ್ಷಣೆ ತೋಟಗಾರಿಕೆಯಷ್ಟೇ.