ಆಳೂ ಆಳುವವನೂ

ಕನ್ನಡ ಬೈಬಲನ್ನು ಸಾಹಿತ್ಯವಾಗಿ ಓದುವವರು ಕಡಿಮೆ. ಚರ್ಚಿನವರಿಗೆ ಅದು ಪ್ರಾರ್ಥನೆಯ ಪುಸ್ತಕ, ಉಳಿದವರಿಗೆ ಮಿಶನರಿ ಕನ್ನಡ. ಅದರೊಳಗಿನ ಒಂದು ಪುಟ್ಟ ಕತೆ ಮಾತ್ರ ನನ್ನನ್ನು ಬಹುಕಾಲದಿಂದ ಬಿಟ್ಟಿಲ್ಲ: ಕಪೆರ್ನೌಮಿನ ಶತಾಧಿಪತಿಯ ಆಳು ಗುಣವಾದ ಪ್ರಸಂಗ. ಮತ್ತಾಯನ 8ನೆಯ, ಲೂಕನ 7ನೆಯ ಅಧ್ಯಾಯದಲ್ಲಿದೆ.

ಶತಾಧಿಪತಿ ರೋಮ್ ಸೇನೆಯ ಅಧಿಕಾರಿ. ಅವನ ಆಳು ಸಾಯುವ ಸ್ಥಿತಿಯಲ್ಲಿದ್ದಾನೆ. ಲೂಕನ ಪ್ರಕಾರ ಅವನು ತಾನೇ ಬರುವುದಿಲ್ಲ, ಊರ ಯೆಹೂದಿ ಹಿರಿಯರನ್ನು ಕಳಿಸುತ್ತಾನೆ. ಅವರು ಮಾಡುವುದು ನಮ್ಮ ಕಡೆಯ ಶಿಫಾರಸನ್ನೇ: ದೊಡ್ಡ ಮನುಷ್ಯ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟವನು. ಯೇಸು ಹೊರಟು ಮನೆ ಸಮೀಪಿಸಿದಾಗ ಅಧಿಕಾರಿ ಗೆಳೆಯರ ಮೂಲಕ ಹೇಳಿಕಳಿಸುತ್ತಾನೆ. ಅವನನ್ನು ಮನೆಗೆ ಕರೆಯುವ ಯೋಗ್ಯತೆ ತನಗಿಲ್ಲವಂತೆ, ನಿಂತಲ್ಲಿಂದಲೇ ಅಪ್ಪಣೆ ಕೊಟ್ಟರೆ ಸಾಕಂತೆ. ತಾನೂ ಒಬ್ಬರ ಕೈಕೆಳಗಿನವನು, ತನ್ನ ಕೈಕೆಳಗೂ ಜನರಿದ್ದಾರೆ, ಅಪ್ಪಣೆ ಹೇಗೆ ನಡೆಯುತ್ತದೆಂದು ತನಗೆ ಗೊತ್ತು ಅನ್ನುವುದು ಅವನ ವಾದ.

ಮತ್ತಾಯನ ಗ್ರೀಕಿನಲ್ಲಿರುವ 'ಪಾಯಿಸ್' ಎಂಬ ಪದಕ್ಕೆ ಹುಡುಗ, ಸೇವಕ ಎರಡೂ ಅರ್ಥಗಳಿವೆ. ಕನ್ನಡದ 'ಆಳು' ಬೇರೆಯದೇ ಕೆಲಸ ಮಾಡುತ್ತದೆ. ನಾಮಪದವಾದರೆ ಸೇವಕ, ಕ್ರಿಯಾಪದವಾದರೆ ಒಡೆತನ. ಶತಾಧಿಪತಿಯ ವಾದವೆಲ್ಲ ಈ ಎರಡರ ನಡುವೆಯೇ ನಿಂತಿದೆ. ಅನುವಾದಕರು ಬೇಕೆಂದು ಮಾಡಿದ್ದಲ್ಲ, ಭಾಷೆ ತಾನಾಗಿ ಕೊಟ್ಟದ್ದು ಎಂದು ನನ್ನ ಊಹೆ.

ರಾಮಥಾಳ ಸೀಮೆಯ ಓದುಗರಿಗೆ ಈ ತರ್ಕ ಹೊಸದಲ್ಲ. ಅದೇ ಹುನಗುಂದ ಭಾಗದ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದವನು, ಮೇಲೆ ದೊರೆ, ಕೆಳಗೆ ನೌಕರರು. ಶರಣರ ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು. ಆದರೂ ಹೋಲಿಕೆಯನ್ನು ಹೆಚ್ಚು ಎಳೆಯಲಾರೆ. ವಚನಕಾರರು ದೇವರೊಡನೆ ಜಗಳ ತೆಗೆಯುತ್ತಾರೆ. ಶತಾಧಿಪತಿಯ ಭಕ್ತಿಗೆ ಕವಾಯತಿನ ವಾಸನೆಯಿದೆ. ಸಾಮ್ರಾಜ್ಯದ ಅಧಿಕಾರವೇ ದೈವದ ಅಧಿಕಾರಕ್ಕೆ ಉಪಮಾನವಾಗುವುದು ನನಗೆ ಇರುಸುಮುರುಸು. 1851ರಲ್ಲಿ ಬಾಸೆಲ್ ಮಿಶನ್ ಗುಳೇದಗುಡ್ಡದ ನೇಕಾರರ ನಡುವೆ ನೆಲೆಯೂರಿದಾಗ ಕೇಳುಗರು ಕಂಪನಿ ಸರಕಾರದ ಪ್ರಜೆಗಳು. ಅವರ ಕಿವಿಗೆ ಇದು ಹೇಗೆ ಬಿದ್ದೀತು!

ಲೂಕ ಇದಕ್ಕೊಂದು ಮದ್ದು ಇಟ್ಟಿದ್ದಾನೆ. ಮುಂದಿನ ಪ್ರಸಂಗವೇ ನಾಯಿನ್ ಊರಿನ ವಿಧವೆಯದು. ಸತ್ತ ಒಬ್ಬನೇ ಮಗನನ್ನು ಹೊತ್ತೊಯ್ಯುತ್ತಿದ್ದಾರೆ. ಆಕೆ ಏನನ್ನೂ ಕೇಳುವುದಿಲ್ಲ, ಆಕೆಯ ನಂಬಿಕೆಯನ್ನು ಯಾರೂ ಅಳೆಯುವುದಿಲ್ಲ. ಅಲ್ಲಿ ಯೇಸುವಿಗೆ ಆದದ್ದನ್ನು ಹೇಳುವ ಗ್ರೀಕ್ ಕ್ರಿಯಾಪದ ಹುಟ್ಟಿರುವುದು ಕರುಳು ಎಂಬರ್ಥದ ಪದದಿಂದ. ಕನ್ನಡ ಬೈಬಲು 'ಕನಿಕರ' ಎನ್ನುತ್ತದೆ. ಒಳ್ಳೆಯ ಪದವೇ, ಆದರೆ ಹೊಟ್ಟೆಯೊಳಗಿನದಲ್ಲ. ಕರುಳು ಚುರ್ ಎಂದಿತು ಅನ್ನುವ ನಮ್ಮ ಹೆಂಗಸರು ಲೂಕನಿಗೆ ಇನ್ನೂ ಹತ್ತಿರ.

ಗುಣವಾಗದ ರೋಗಿಗೆ 'ನಿನ್ನ ನಂಬಿಕೆ ಸಾಲದು' ಎನ್ನುವ ಬೋಧಕರುಂಟು. ಅವರು ಈ ಕತೆಯನ್ನು ತಲೆಕೆಳಗಾಗಿ ಓದಿದ್ದಾರೆ. ಹಾಸಿಗೆ ಹಿಡಿದ ಆಳು ತುಟಿ ಬಿಚ್ಚಿಲ್ಲ. ನಂಬಿದವನು, ಜನರನ್ನು ಕಳಿಸಿದವನು ಯಜಮಾನ. ಬೆಟಗೇರಿಯಲ್ಲಿ ಆಸ್ಪತ್ರೆ ನಡೆಸಿದ ಮಿಶನ್ ಕತೆಯನ್ನು ಹೀಗೆಯೇ ಓದಿತ್ತೆನ್ನಬೇಕು. ಅಲ್ಲಿ ಪ್ರಾರ್ಥನೆಯ ಜತೆಗೆ ಔಷಧಿಯೂ ಇತ್ತು.

ಎದ್ದ ಆಳು ಮರುದಿನ ಅದೇ ಮನೆಯ ಚಾಕರಿಗೆ ಹೋದನೇ? ಇಬ್ಬರು ಸುವಾರ್ತಿಕರೂ ಅದನ್ನು ಬರೆದಿಲ್ಲ, ಅವನ ಹೆಸರನ್ನೂ ಬರೆದಿಲ್ಲ.